ಎಡಗಣ್ಣು ಬಲಗಣ್ಣಿನ ಭಿನ್ನಮತ

ನಾಲ್ಕು ತುಂಡು ಕನ್ನಡಿ, ಅವನ್ನು ಹಿಡಿದುಕೊಂಡ ಒಂದು ಕಪ್ಪು ಡಬ್ಬಿ, ಹಿಂದುಗಡೆ ಲೆನ್ಸಿನ ಬಾಯಿಗೆ ತಿರುಗಿಸಿ ಕೂರಿಸುವ ಒಂದು ರಿಂಗು. ಬೀಮ್ ಸ್ಪ್ಲಿಟರ್ ಎಂದು ಕರೆಯುವ ಸ್ಟೀರಿಯೋ ಅಡಾಪ್ಟರಿನಲ್ಲಿ ಇಷ್ಟು ಬಿಟ್ಟರೆ ಇನ್ನೇನೂ ಇಲ್ಲ. ಬ್ಯಾಟರಿ ಇಲ್ಲ, ಗುಂಡಿ ಇಲ್ಲ, ಅಲ್ಲಾಡುವ ಭಾಗ ಒಂದೂ ಇಲ್ಲ. ಮುಂದಿನಿಂದ ನೋಡಿದರೆ ಎರಡು ಕಿಟಕಿಗಳು. ಅವುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ದೂರ, ಹೆಚ್ಚುಕಡಿಮೆ ನಮ್ಮ ಎರಡು ಪಾಪೆಗಳ ನಡುವೆ ಇರುವಷ್ಟೇ. ಹಿಂದಿನಿಂದ ನೋಡಿದರೆ ಎರಡು ಪುಟ್ಟ ಕನ್ನಡಿಗಳು ಅಂಚಿಗೆ ಅಂಚು ಕೂಡಿಸಿ ಮೂಲೆಯಾಗಿ ನಿಂತಿವೆ. ಎಡಕಿಟಕಿಯಿಂದ ಬಂದ ಬೆಳಕನ್ನು ಹೊರಗಿನ ದೊಡ್ಡ ಕನ್ನಡಿ ಒಳಗಿನ ಪುಟ್ಟ ಕನ್ನಡಿಗೆ ದಾಟಿಸುತ್ತದೆ, ಅದು ಲೆನ್ಸಿಗೆ ದಾಟಿಸುತ್ತದೆ. ಬಲಗಡೆಯೂ ಹಾಗೆಯೇ. ಲೆನ್ಸು ಒಂದೇ, ಫ್ರೇಮು ಒಂದೇ, ಕ್ಲಿಕ್ಕೂ ಒಂದೇ. ಫ್ರೇಮಿನ ಎಡ ಅರ್ಧದಲ್ಲಿ ಮಾತ್ರ ಎಡಗಣ್ಣು ಕಾಣಬೇಕಾದದ್ದು, ಬಲ ಅರ್ಧದಲ್ಲಿ ಬಲಗಣ್ಣು ಕಾಣಬೇಕಾದದ್ದು. ಬೆಳಕು ಎರಡು ಸಲ ಕನ್ನಡಿಗೆ ಬಡಿಯುವುದರಿಂದ ಎಡಬಲದ ತಿರುವುಮುರುವು ತಾನಾಗಿಯೇ ಸರಿಹೋಗುತ್ತದೆ.

ಹೀಗೆ ತೆಗೆದ ಚಿತ್ರವನ್ನು ಮೊದಲ ಸಲ ಪರದೆಯ ಮೇಲೆ ನೋಡುವವರಿಗೆ ನಿರಾಸೆಯೇ ಆದೀತು. ಯಾರೋ ಒಂದೇ ಫೋಟೊವನ್ನು ಪಕ್ಕಪಕ್ಕದಲ್ಲಿ ಎರಡು ಸಲ ಅಂಟಿಸಿದ ಹಾಗಿರುತ್ತದೆ. ನಿಧಾನಕ್ಕೆ ಕಣ್ಣಾಡಿಸಿದರೆ ಸಣ್ಣಪುಟ್ಟ ತಕರಾರುಗಳು ಒಂದೊಂದೇ ಹೊರಬೀಳುತ್ತವೆ. ಎಡಚಿತ್ರದಲ್ಲಿ ಗೇಟಿನ ಕಂಬ ಹಿಂದಿನ ಕಿಟಕಿಯ ಬಲ ಅಂಚಿಗೆ ಒತ್ತಿಕೊಂಡಿದೆ, ಬಲಚಿತ್ರದಲ್ಲಿ ಅದೇ ಕಂಬ ಕಿಟಕಿಯ ನಡುವಿಗೆ ಸರಿದಿದೆ. ದಾಸವಾಳದ ಒಂದು ಮೊಗ್ಗು ಎಡಗಣ್ಣಿನ ಲೆಕ್ಕದಲ್ಲಿದೆ, ಬಲಗಣ್ಣಿನ ಲೆಕ್ಕದಲ್ಲಿ ಎಲೆಯ ಮರೆಗೆ ಹೋಗಿದೆ. ದೂರದ ನೀರಿನ ಟ್ಯಾಂಕಿನ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಹತ್ತಿರ ಬಂದಷ್ಟೂ ಭಿನ್ನಾಭಿಪ್ರಾಯ ಹೆಚ್ಚು, ದೂರ ಹೋದಷ್ಟೂ ಒಪ್ಪಂದ ಹೆಚ್ಚು. ಸ್ಟೀರಿಯೋ ಫೋಟೊಗ್ರಫಿಯ ಬಂಡವಾಳ ಇಷ್ಟೇ.

ಈಗ ಎಡದ್ದು ಎಡಗಣ್ಣಿಗೆ, ಬಲದ್ದು ಬಲಗಣ್ಣಿಗೆ ಮಾತ್ರ ಸಿಗುವ ಹಾಗೆ ನೋಡಬೇಕು. ಕಂಬ ಮುಂದಕ್ಕೆ ಬಂದು ನಿಲ್ಲುತ್ತದೆ, ಕಿಟಕಿ ಹಿಂದಕ್ಕೆ ಸರಿಯುತ್ತದೆ, ಎರಡರ ನಡುವೆ ಗಾಳಿ ತುಂಬಿಕೊಳ್ಳುತ್ತದೆ. ನನ್ನನ್ನು ಇವತ್ತಿಗೂ ಬೆರಗಾಗಿಸುವುದು ಆ ಗಾಳಿ. ಕಂಬದ ಫೋಟೊ ಇದೆ, ಕಿಟಕಿಯ ಫೋಟೊ ಇದೆ, ಅವುಗಳ ನಡುವಿನ ಖಾಲಿ ಜಾಗದ ಫೋಟೊವನ್ನು ಯಾರು ತೆಗೆದರು? ಎಡಚಿತ್ರದ ಯಾವ ಚುಕ್ಕೆಯಲ್ಲೂ ಅದು ಇಲ್ಲ, ಬಲಚಿತ್ರದಲ್ಲೂ ಇಲ್ಲ. ಎರಡನ್ನೂ ಕೂಡಿಸಿ ಒಂದರ ಮೇಲೊಂದು ಅಚ್ಚು ಹಾಕಿದರೆ ಸಿಗುವುದು ಕಲಸುಮೇಲೋಗರ ಅಷ್ಟೆ. ಕೋರ್ಟಿನಲ್ಲಿ ಇಬ್ಬರು ಸಾಕ್ಷಿಗಳ ಹೇಳಿಕೆ ತಾಳೆಯಾಗದಿದ್ದರೆ ವಕೀಲರು ಅದನ್ನು ಹಿಡಿದು ಜಗ್ಗಿ ಇಬ್ಬರನ್ನೂ ಸುಳ್ಳರೆಂದು ಸಾಧಿಸಲು ನೋಡುತ್ತಾರೆ. ಮೆದುಳು ಹೊಂದಾಣಿಕೆಯಿಲ್ಲದ ಅದೇ ಹೇಳಿಕೆಗಳನ್ನು ತೆಗೆದುಕೊಂಡು, ಇಬ್ಬರನ್ನೂ ನಂಬಿ, ಇಬ್ಬರೂ ಹೇಳದೇ ಇದ್ದ ಮೂರನೆಯ ಸಂಗತಿಯೊಂದನ್ನು ಕಂಡುಕೊಳ್ಳುತ್ತದೆ. ಕ್ಯಾಮೆರಾ ಸೆರೆಹಿಡಿದದ್ದು ಭಿನ್ನಮತವನ್ನು. ಆಳ ಎಂಬುದು ನೋಡುವವರು ಅದಕ್ಕೆ ಕೊಟ್ಟ ತೀರ್ಪು.

ಎರಡು ಒಂದಾಗುವ ಮಾತು ಬಂದಕೂಡಲೇ ದ್ವೈತ, ಅದ್ವೈತ ಎಂದು ಶುರುಮಾಡುವ ಚಾಪಲ್ಯ ನಮ್ಮ ಕಡೆಯವರಿಗೆ ಇದ್ದೇ ಇದೆ. ಕನ್ನಡಿಯ ವಿಷಯ ಕನ್ನಡಿಯಷ್ಟಕ್ಕೇ ಸಾಕಷ್ಟು ಸೋಜಿಗದ್ದು. ಅದನ್ನು ಮತಾಚಾರ್ಯರ ಹೆಗಲಿಗೆ ಹೊರಿಸಬೇಕಿಲ್ಲ.

ಇನ್ನೊಂದು ಸೋಜಿಗವೆಂದರೆ ಈ ಭಿನ್ನಮತದಿಂದಲೇ ಆಳ ಹುಟ್ಟುತ್ತದೆ ಎಂದು ಮನುಷ್ಯನಿಗೆ ಎಷ್ಟು ತಡವಾಗಿ ಹೊಳೆಯಿತು ಎಂಬುದು. ಎರಡು ಕಣ್ಣುಗಳು ಬೇರೆಬೇರೆ ಚಿತ್ರ ಕಾಣುತ್ತವೆ ಎಂಬುದು ಯೂಕ್ಲಿಡನಿಗೆ ಗೊತ್ತಿತ್ತು. ಚಿತ್ರಪಟ ಎಷ್ಟೇ ಚೆನ್ನಾಗಿದ್ದರೂ ನಿಜವಾದ ವಸ್ತುವಿನಷ್ಟು ಉಬ್ಬಿ ಕಾಣದು, ಅದಕ್ಕೆ ಎರಡು ಕಣ್ಣುಗಳೇ ಕಾರಣ ಎಂದು ಲಿಯೊನಾರ್ಡೊ ಡ ವಿಂಚಿ ಗೊಣಗಿಕೊಂಡಿದ್ದ. ಆದರೆ ಆ ವ್ಯತ್ಯಾಸವೇ ಆಳದ ಮೂಲ ಎಂದು ಕಾಗದದ ಮೇಲೆ ತೋರಿಸಿಕೊಟ್ಟದ್ದು 1838ರಲ್ಲಿ, ಲಂಡನ್ನಿನ ಚಾರ್ಲ್ಸ್ ವೀಟ್‌ಸ್ಟನ್. ಪಿಯುಸಿಯಲ್ಲಿ ವಿಜ್ಞಾನ ಓದಿದವರೆಲ್ಲ ವೀಟ್‌ಸ್ಟನ್ ಬ್ರಿಡ್ಜ್ ಎಂದು ಪ್ರಯೋಗಾಲಯದಲ್ಲಿ ತಂತಿ ಜೋಡಿಸಿರುತ್ತಾರಲ್ಲ, ಅದೇ ವೀಟ್‌ಸ್ಟನ್. ತಮಾಷೆಯೆಂದರೆ ಆ ಬ್ರಿಡ್ಜು ಮೂಲತಃ ಆತನದಲ್ಲ, ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿಯದು. ವೀಟ್‌ಸ್ಟನ್ ಅದನ್ನು ಆತನ ಹೆಸರು ಹೇಳಿಯೇ ಬಳಸಿಕೊಂಡ, ಆದರೂ ಜನ ಬ್ರಿಡ್ಜಿಗೆ ವೀಟ್‌ಸ್ಟನ್ನನ ಹೆಸರಿಟ್ಟರು. ನಿಜವಾಗಿ ಆತನದೇ ಆದ ಸ್ಟೀರಿಯೋಸ್ಕೋಪಿಗೆ ಆತನ ಹೆಸರು ಅಂಟಿಕೊಳ್ಳಲೇ ಇಲ್ಲ. ವಾದ್ಯ ತಯಾರಿಸುವ ಮನೆತನದಿಂದ ಬಂದವನು, ಕನ್ಸರ್ಟೀನಾ ಎಂಬ ಕೈವಾದ್ಯ ಕಂಡುಹಿಡಿದವನು, ಕುಕ್ ಎಂಬಾತನ ಜೊತೆ ತಂತಿ ಟೆಲಿಗ್ರಾಫಿಗೆ ಪೇಟೆಂಟ್ ಪಡೆದವನು. ಅಷ್ಟಾದರೂ ಸಭೆಯಲ್ಲಿ ಎದ್ದುನಿಂತು ಮಾತಾಡಲು ವಿಪರೀತ ಸಂಕೋಚಪಡುತ್ತಿದ್ದವನು.

ಆಗ ಫೋಟೊಗ್ರಫಿ ಇನ್ನೂ ಲೋಕದೆದುರು ಬಂದಿರಲಿಲ್ಲ. ಅದರ ಸುದ್ದಿ ಬಹಿರಂಗವಾದದ್ದು ಮರುವರ್ಷ. ಹಾಗಾಗಿ ವೀಟ್‌ಸ್ಟನ್ ಘನ, ಶಂಕು ಮುಂತಾದ ಆಕೃತಿಗಳನ್ನು ಬರಿಯ ಗೆರೆಗಳಲ್ಲಿ, ಒಂದೊಂದು ಕಣ್ಣಿಗೆ ಒಂದೊಂದರಂತೆ ಬರೆದ. ನೆರಳಿಲ್ಲ, ಬಣ್ಣವಿಲ್ಲ. ಆತ ಕೂಡಿಸಿದ ಯಂತ್ರದಲ್ಲಿ ಮಧ್ಯೆ ಮೂಲೆಯಾಗಿ ನಿಲ್ಲಿಸಿದ ಎರಡು ಕನ್ನಡಿಗಳು, ಎಡಬಲದಲ್ಲಿ ಎರಡು ಚಿತ್ರಗಳು. ಕನ್ನಡಿಯ ಮೂಲೆಗೆ ಮೂಗು ತಾಗಿಸುವಷ್ಟು ಹತ್ತಿರ ಕೂತು ನೋಡಿದರೆ ಗೆರೆಗಳು ಗಾಳಿಯಲ್ಲಿ ಎದ್ದುನಿಂತು ಘನವಾಗುತ್ತಿದ್ದವು. ಬೀಮ್ ಸ್ಪ್ಲಿಟರಿನ ಒಳಗಿರುವ ಎರಡು ಪುಟ್ಟ ಕನ್ನಡಿಗಳ ಮೂಲವೇ ಇದು. ಆತ ಚಿತ್ರದಿಂದ ಕಣ್ಣಿಗೆ ಬೆಳಕು ಹರಿಸಿದ, ಇಲ್ಲಿ ಲೋಕದಿಂದ ಲೆನ್ಸಿಗೆ ಹರಿಯುತ್ತದೆ. 1857ರಲ್ಲಿ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ನಾಲ್ಕು ಕನ್ನಡಿಗಳನ್ನು ಜೋಡಿಸಿ, ಕಣ್ಣುಗಳ ಅಂತರವನ್ನು ಕೃತಕವಾಗಿ ಹಿಗ್ಗಿಸಿ, ದೂರದ ಬೆಟ್ಟಗಳೂ ಆಳದಲ್ಲಿ ಕಾಣುವ ಒಂದು ನೋಟಕ ಮಾಡಿದ. ಅದರ ನಕ್ಷೆಯನ್ನೂ ಬೀಮ್ ಸ್ಪ್ಲಿಟರಿನ ನಕ್ಷೆಯನ್ನೂ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರೆಂದು ಯಾರಾದರೂ ಹೇಳಿಯಾರು. ಕನ್ನಡಿಗಳನ್ನು ಕ್ಯಾಮೆರಾದ ಮುಂದೆ ಹೂಡುವ ಯೋಚನೆ 1890ರ ದಶಕದಲ್ಲಿ ಇಂಗ್ಲೆಂಡಿನ ಥಿಯೊಡೋರ್ ಬ್ರೌನ್ ಅವರಂಥವರ ಕೈಯಲ್ಲಿ ರೂಪ ಪಡೆಯಿತು. 1930ರ ದಶಕದಲ್ಲಿ ಲೈಕಾ ಕ್ಯಾಮೆರಾಕ್ಕೆಂದೇ ಸ್ಟೀರಿಯೋಲಿ ಎಂಬ ಜೋಡಣೆ ಬಂತು. ಆಮೇಲೆ ಪೆಂಟಾಕ್ಸ್ ಕಂಪನಿ ನೋಡುವ ಸಾಧನವನ್ನೂ ಜೊತೆಗಿಟ್ಟು ತನ್ನದೊಂದನ್ನು ಮಾರಿತು. ಈಗ ಅವೆಲ್ಲ ಹಳೆಯ ಕ್ಯಾಮೆರಾ ಕೊಳ್ಳುವ, ಮಾರುವ ಕಡೆಗಳಲ್ಲಿ ಸಿಕ್ಕರೆ ಸಿಕ್ಕವು.

ಕೊಳ್ಳುವಾಗ ಕನ್ನಡಿಗಳ ಕಡೆ ಮೊದಲು ನೋಡಬೇಕು. ಮನೆಯ ಕನ್ನಡಿಯಲ್ಲಿ ಲೇಪ ಗಾಜಿನ ಹಿಂದಿರುತ್ತದೆ, ಇವುಗಳಲ್ಲಿ ಗಾಜಿನ ಮುಂದೆ. ಹಿಂದೆ ಇದ್ದರೆ ಗಾಜಿನ ಮೇಲ್ಮೈಯೂ ಒಂದು ಮಂಕು ಬಿಂಬ ಕೊಟ್ಟು ಚಿತ್ರಕ್ಕೆ ಭೂತದ ನೆರಳು ಹಿಡಿಯುತ್ತದೆ. ಮುಂದೆ ಇರುವುದರಿಂದ ಆ ಕಾಟ ಇಲ್ಲ, ಆದರೆ ಬೆರಳಿನಿಂದ ಮುಟ್ಟುವ ಹಾಗಿಲ್ಲ, ಅಂಗಿಯ ತುದಿಯಿಂದ ಒರೆಸುವ ಹಾಗಂತೂ ಇಲ್ಲವೇ ಇಲ್ಲ. ಊದುವ ರಬ್ಬರ್ ಬಲ್ಬಿನಿಂದ ಧೂಳು ಹಾರಿಸಿ ಸುಮ್ಮನಿರಬೇಕು. ಲೆನ್ಸಿನ ವಿಷಯದಲ್ಲೂ ಇದು ಹಟಮಾರಿ. ಪೂರ್ಣ ಫ್ರೇಮಿನ ಕ್ಯಾಮೆರಾಕ್ಕೆ 50 ಮಿಲಿಮೀಟರ್, ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಇದ್ದರೆ 35, ಇದರ ಆಸುಪಾಸಿನಲ್ಲೇ ಇರಬೇಕು. ಅಗಲದ ಲೆನ್ಸು ಹಾಕಿದರೆ ಡಬ್ಬಿಯ ಗೋಡೆಗಳೇ ಚಿತ್ರದೊಳಗೆ ಬರುತ್ತವೆ. ಉದ್ದದ್ದು ಹಾಕಿದರೆ ಎರಡು ಚಿತ್ರಗಳ ನಡುವಿನ ಮಬ್ಬು ಪಟ್ಟೆ ಅಗಲವಾಗುತ್ತ ಹೋಗುತ್ತದೆ.

ಆ ಮಬ್ಬು ಪಟ್ಟೆಯ ಬಗ್ಗೆ ಎರಡು ಮಾತು. ಎಡಗಣ್ಣಿನ ರಾಜ್ಯ ಮುಗಿದು ಬಲಗಣ್ಣಿನ ರಾಜ್ಯ ಶುರುವಾಗುವ ಗಡಿ ಅದು, ಕನ್ನಡಿಗಳ ಅಂಚು ಕೂಡುವ ಜಾಗ. ಲೆನ್ಸಿಗೆ ಅಂಟಿಕೊಂಡಷ್ಟು ಹತ್ತಿರ ಇರುವುದರಿಂದ ಅದು ಎಂದೂ ಫೋಕಸಿಗೆ ಬರುವುದಿಲ್ಲ. ಅಪರ್ಚರ್ ಪೂರ್ತಿ ತೆರೆದರೆ ಎರಡು ಚಿತ್ರಗಳೂ ಗಡಿಯಲ್ಲಿ ಒಂದರೊಳಗೊಂದು ಸೋರಿಕೊಂಡು ಫ್ರೇಮಿನ ಒಳ್ಳೆಯ ಪಾಲನ್ನು ನುಂಗಿಬಿಡುತ್ತವೆ. ಎಫ್ 8ರ ಹತ್ತಿರ ಕಿರಿದುಮಾಡಿದರೆ ಸೋರಿಕೆ ತಗ್ಗುತ್ತದೆ, ಮುಂದಿನಿಂದ ಹಿಂದಿನವರೆಗೆ ಎಲ್ಲವೂ ಸ್ಪಷ್ಟವಾಗಿಯೂ ಬರುತ್ತದೆ. ಸಾಮಾನ್ಯ ಫೋಟೊದಲ್ಲಿ ಹಿನ್ನೆಲೆಯನ್ನು ಮಸುಕು ಮಾಡಿ ವಸ್ತುವನ್ನು ಎತ್ತಿ ತೋರಿಸುವುದು ಒಂದು ಕಲೆ. ಈಗಿನ ಮೊಬೈಲುಗಳು ಲೆಕ್ಕ ಹಾಕಿ ಮಸುಕು ಮಾಡುತ್ತವೆ, ಕಿವಿಯ ಹಿಂದಿನ ಕೂದಲನ್ನೂ ಸೇರಿಸಿ. ಸ್ಟೀರಿಯೋದಲ್ಲಿ ಆ ಉಪಾಯಕ್ಕೆ ಕೆಲಸವಿಲ್ಲ. ಹಿಂದಿನದು ಹಿಂದೆಯೇ ಇದೆಯೆಂದು ಕಣ್ಣಿಗೆ ಗೊತ್ತಾದ ಮೇಲೆ ಅದನ್ನು ಒರೆಸಿ ಹಾಕುವ ಅಗತ್ಯವೇನು?

ಆಟೊಫೋಕಸ್ ಹೆಚ್ಚಾಗಿ ನಡುಮಧ್ಯಕ್ಕೆ ಹೋಗುತ್ತದೆ, ಅಲ್ಲಿ ಇರುವುದು ಗಡಿಯ ಮಬ್ಬು. ಹಾಗಾಗಿ ಫೋಕಸನ್ನು ಒಂದು ಅರ್ಧದೊಳಗೆ ಕೈಯಾರೆ ಹಿಡಿಯುವುದೇ ವಾಸಿ. ಡಬ್ಬಿಯನ್ನು ತಿರುಗಿಸಿ ಕೂರಿಸುವಾಗ ಅದು ಕ್ಯಾಮೆರಾದೊಡನೆ ಸಮತಟ್ಟಾಗಿರಬೇಕು. ಕೂದಲೆಳೆಯಷ್ಟು ಓರೆಯಾದರೂ ಒಂದು ಚಿತ್ರ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಜಾರುತ್ತದೆ. ಕಣ್ಣುಗಳು ಎಡಬಲದ ಭಿನ್ನಮತವನ್ನು ಸಂತೋಷದಿಂದ ತೀರ್ಮಾನಿಸುತ್ತವೆ, ಮೇಲುಕೆಳಗಿನದನ್ನು ಸಹಿಸುವುದಿಲ್ಲ, ತಲೆನೋವು ಬರಿಸುತ್ತವೆ. ಹೀಗಾಗಿಯೇ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿಯುವಂತೆಯೂ ಇಲ್ಲ. ಹಾಗೆ ಹಿಡಿದರೆ ಒಂದರ ಮೇಲೊಂದು ಕಣ್ಣಿರುವ ಪ್ರಾಣಿ ಕಂಡ ಲೋಕ ಸಿಕ್ಕೀತು. ಅಡ್ಡವಾಗಿಯೇ ಹಿಡಿಯಬೇಕು, ಸಿಗುವುದು ಮಾತ್ರ ಎರಡು ನೀಳ ಚಿತ್ರಗಳು. 36 ಮಿಲಿಮೀಟರ್ ಅಗಲದ ಫ್ರೇಮು ಹದಿನೆಂಟರಂತೆ ಇಬ್ಭಾಗವಾಗುತ್ತದೆ, ಅದರಲ್ಲೂ ಗಡಿಗೆ ಸ್ವಲ್ಪ ಹೋಗುತ್ತದೆ. ಅಗಲವಾದ ಬಯಲು, ಸಾಲುಬೆಟ್ಟ, ಸಮುದ್ರತೀರ, ಇವೆಲ್ಲ ಕೈಬಿಟ್ಟ ಹಾಗೆಯೇ. ಬೆಟ್ಟ ಕೈಬಿಟ್ಟರೆ ನಷ್ಟವೂ ಇಲ್ಲ. ಆರೂವರೆ ಸೆಂಟಿಮೀಟರ್ ಅಂತರಕ್ಕೆ ದೂರದ ಬೆಟ್ಟ ಒಂದೇ ಹಲಗೆಯಂತೆ ಚಪ್ಪಟೆ. ಬರಿಗಣ್ಣಿಗೂ ಅದು ಚಪ್ಪಟೆಯೇ, ನಾವು ಗಮನಿಸಿರುವುದಿಲ್ಲ ಅಷ್ಟೆ. ಎರಡು ಮೀಟರಿನಿಂದ ಹತ್ತು ಹದಿನೈದು ಮೀಟರಿನೊಳಗಿನ ಲೋಕವೇ ಈ ಡಬ್ಬಿಯ ಸೀಮೆ. ತೋಟ, ಅಂಗಳ, ಸಂದಿ, ದೇವಸ್ಥಾನದ ಗೋಡೆ, ಕೂತ ಮನುಷ್ಯ.

ಇಷ್ಟೆಲ್ಲ ಕಳೆದುಕೊಂಡು ಇದು ಕೊಡುವುದೇನು ಎಂದರೆ ಕ್ಷಣ. ಅಡಾಪ್ಟರ್ ಇಲ್ಲದೆಯೂ ಸ್ಟೀರಿಯೋ ಚಿತ್ರ ತೆಗೆಯಬಹುದು. ಮೊದಲು ಎಡಗಾಲಿನ ಮೇಲೆ ಭಾರ ಹಾಕಿ ಒಂದು, ಆಮೇಲೆ ಬಲಗಾಲಿಗೆ ವಾಲಿ ಇನ್ನೊಂದು. ಕಲ್ಲಿಗೆ, ಗೋಡೆಗೆ ಅದು ಸಾಕು. ಆದರೆ ಎರಡು ಕ್ಲಿಕ್ಕುಗಳ ನಡುವೆ ಎಲೆ ಅಲುಗಿರುತ್ತದೆ, ಹೊಗೆ ಸುರುಳಿ ಬದಲಿಸಿರುತ್ತದೆ, ಮಗು ತಲೆ ತಿರುಗಿಸಿರುತ್ತದೆ. ಬೀಮ್ ಸ್ಪ್ಲಿಟರಿನಲ್ಲಿ ಎರಡೂ ಕಣ್ಣುಗಳು ಒಂದೇ ಸಲ ತೆರೆದು ಒಂದೇ ಸಲ ಮುಚ್ಚುತ್ತವೆ. ಬಚ್ಚಲ ಒಲೆಯ ಹೊಗೆ ಬಿಸಿಲುಕೋಲಿನಲ್ಲಿ ಮಡಿಕೆ ಮಡಿಕೆಯಾಗಿ ತೂಗುತ್ತದೆ. ನಲ್ಲಿಯಡಿ ಕೈ ತೊಳೆಯುವಾಗ ಸಿಡಿದ ಹನಿಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ವಿಳಾಸವಿರುತ್ತದೆ. ಇದು ಬೆರಳಿಗೆ ಹತ್ತಿರ, ಅದು ಕಲ್ಲಿನ ಮೇಲೆ, ಮತ್ತೊಂದು ನಮ್ಮ ಮೂಗಿನ ಕಡೆಗೇ ಹೊರಟಿದೆ.

ನೋಡುವುದನ್ನು ಕಲಿಯುವುದು ತೆಗೆಯುವುದಕ್ಕಿಂತ ಕಷ್ಟ ಎಂದು ಹಲವರಿಗೆ ಅನಿಸುತ್ತದೆ. 1861ರಲ್ಲಿ ಅಮೆರಿಕದ ವೈದ್ಯ, ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ ಒಂದು ಹಗುರಾದ, ಅಗ್ಗದ, ಕೈಯಲ್ಲಿ ಹಿಡಿಯುವ ನೋಟಕ ರೂಪಿಸಿದ. ಬೇಕೆಂದೇ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ, ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟ. ಅಂಥದೊಂದು ಸಿಕ್ಕರೆ ಸರಿ. ಸಿಗದಿದ್ದರೆ ಮೊಬೈಲ್ ಸಾಕು. ಚಿತ್ರವನ್ನು ಪರದೆಯ ಮೇಲೆ ಅಡ್ಡಲಾಗಿ ತುಂಬಿಸಿದರೆ ಎರಡು ಅರ್ಧಗಳ ನಡುಬಿಂದುಗಳ ಅಂತರ ಕಣ್ಣುಗಳ ಅಂತರಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಬೇಕಾಗಿರುವುದೂ ಅಷ್ಟೇ. ಪರದೆಯನ್ನು ನೋಡುತ್ತಲೇ ಅದರಾಚೆಯ ಗೋಡೆಯನ್ನು ದಿಟ್ಟಿಸುವವರ ಹಾಗೆ ಕಣ್ಣನ್ನು ಸಡಿಲ ಬಿಡಬೇಕು. ಎರಡು ಚಿತ್ರ ನಾಲ್ಕಾಗುತ್ತವೆ, ಒಳಗಿನವೆರಡು ಒಂದರ ಮೇಲೊಂದು ಸರಿದು ಮೂರಾಗುತ್ತವೆ. ನಡುವಿನದು ಮೊದಲು ಮಸುಕು. ಅವಸರ ಮಾಡದೆ ಕಾದರೆ ಅದು ತಾನಾಗಿ ತಿಳಿಯಾಗುತ್ತದೆ, ತಿಳಿಯಾದ ಮರುಗಳಿಗೆಯೇ ಅದಕ್ಕೆ ಒಳಗೊಂದು ಕೋಣೆ ಹುಟ್ಟುತ್ತದೆ. ಸಮೀಪದೃಷ್ಟಿಯವರು ಕನ್ನಡಕ ತೆಗೆದು, ನಲವತ್ತು ದಾಟಿದವರು ಓದುವ ಕನ್ನಡಕ ಹಾಕಿಕೊಂಡು ನೋಡಿದರೆ ಸಲೀಸು, ಏಕೆಂದರೆ ಕಣ್ಣು ದೂರಕ್ಕೆ ಸಡಿಲಾಗಿಯೂ ಹತ್ತಿರದ್ದು ಸ್ಪಷ್ಟವಾಗುತ್ತದೆ. ದೃಷ್ಟಿದೋಷಕ್ಕೆ ಒಂದು ಉಪಯೋಗ ಸಿಗುವ ಅಪರೂಪದ ಹವ್ಯಾಸ ಇದು.

ಯಾವುದನ್ನು ತೆಗೆಯಬೇಕು ಎಂದು ಕೇಳಿದರೆ ನಾನು ಗೋಜಲಾದುದನ್ನು ಎನ್ನುತ್ತೇನೆ. ಸುಂದರವಾದ ಫೋಟೊ ಬರುವ ಕಡೆ ಸ್ಟೀರಿಯೋಗೆ ವಿಶೇಷ ಕೆಲಸವಿಲ್ಲ. ಫೋಟೊ ಕೆಟ್ಟುಹೋಗುವ ಕಡೆಯೇ ಇದರ ಜಾದೂ. ಬೆಂಗಳೂರಿನ ಹೊರಗೆ ಕೇತೋಹಳ್ಳಿಯ ದೊಡ್ಡ ಆಲದ ಮರದ ಕೆಳಗೆ ನಿಂತು ಎಷ್ಟೋ ಜನ ಫೋಟೊ ತೆಗೆದಿದ್ದಾರೆ. ಸುಮಾರು ಮೂರು ಎಕರೆ ಹಬ್ಬಿದ ಮರ, ಎಲ್ಲೆಲ್ಲೂ ಬಿಳಲು. ಒಂಟಿ ಲೆನ್ಸಿನ ಚಿತ್ರದಲ್ಲಿ ಆ ಬಿಳಲುಗಳೆಲ್ಲ ಒಂದೇ ಬೂದುಬಣ್ಣದ ಗೀಚು. ಮುಂದಿನ ಬಿಳಲು ಯಾವುದು, ಹಿಂದಿನ ಬೊಡ್ಡೆ ಯಾವುದು, ಎರಡೂ ಒಂದೇ ಬಣ್ಣ, ಒಂದೇ ತೊಗಟೆ. ಎರಡು ಕಣ್ಣಿನಿಂದ ನೋಡಿದಾಗ ಒಂದೊಂದು ಬಿಳಲೂ ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತದೆ, ನಡುವೆ ನಡೆದು ಹೋಗುವಷ್ಟು ದಾರಿ ಬಿಡಿಸಿಕೊಳ್ಳುತ್ತದೆ.

ಗೋಜಲನ್ನು ಬಿಡಿಸುವ ಈ ಗುಣವನ್ನು ಯುದ್ಧಗಳೂ ಬಳಸಿಕೊಂಡಿವೆ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಮೆಡ್‌ಮನ್‌ಹ್ಯಾಮಿನಲ್ಲಿ ಕೂತು ವಿಮಾನದಿಂದ ತೆಗೆದ ಜೋಡಿಚಿತ್ರಗಳನ್ನು ಪುಟ್ಟ ಸ್ಟೀರಿಯೋಸ್ಕೋಪಿನಲ್ಲಿ ನೋಡುತ್ತಿದ್ದವರು ಮರೆಮಾಚಿದ ಕಟ್ಟಡಗಳನ್ನು ಅವುಗಳ ಎತ್ತರದಿಂದ ಹಿಡಿಯುತ್ತಿದ್ದರು. ಬಣ್ಣ ಬಳಿದು ಹೊಲದ ಹಾಗೆ ಕಾಣಿಸಬಹುದು, ಎತ್ತರವನ್ನು ಬಳಿಯಲಾಗದು. ಹಂಗೆರಿಯಿಂದ ಅಮೆರಿಕಕ್ಕೆ ಬಂದಿದ್ದ ಬೆಲಾ ಯೂಲೆಶ್ 1960ರಲ್ಲಿ ಇದನ್ನೇ ತುತ್ತತುದಿಗೆ ಒಯ್ದ. ಬೆಲ್ ಲ್ಯಾಬಿನ ಕಂಪ್ಯೂಟರಿನಲ್ಲಿ ಕಪ್ಪುಬಿಳಿ ಚುಕ್ಕೆಗಳನ್ನು ಮನಬಂದಂತೆ ಚೆಲ್ಲಿ ಎರಡು ಚಿತ್ರ ಮಾಡಿದ. ಒಂದರಲ್ಲಿ ನಡುವಿನ ಒಂದು ಚೌಕದ ಚುಕ್ಕೆಗಳನ್ನು ಮಾತ್ರ ಸ್ವಲ್ಪ ಪಕ್ಕಕ್ಕೆ ಸರಿಸಿದ. ಒಂದು ಕಣ್ಣಿನಲ್ಲಿ ಎಷ್ಟು ಹೊತ್ತು ನೋಡಿದರೂ ಆ ಚೌಕವಿಲ್ಲ, ಅದಕ್ಕೆ ಗೆರೆಯಿಲ್ಲ, ಅಂಚಿಲ್ಲ. ಎರಡು ಕಣ್ಣಿಗೆ ಅದು ತೇಲಿಬರುತ್ತದೆ. ಅಂದರೆ ನಾವು ಮೊದಲು ವಸ್ತುವನ್ನು ಗುರುತಿಸಿ ಆಮೇಲೆ ಅದರ ದೂರ ಅಳೆಯುತ್ತೇವೆ ಎಂಬ ನಂಬಿಕೆ ಬಿದ್ದುಹೋಯಿತು. ಭಿನ್ನಮತ ಇದ್ದರೆ ಸಾಕು, ವಸ್ತುವೇ ಬೇಕಿಲ್ಲ.

ನೀರಿನ ವಿಷಯಕ್ಕೆ ಬಂದರೆ ನನಗೆ ನಿಲ್ಲಿಸುವುದು ಕಷ್ಟ. ಮೇಲುಕೋಟೆಯ ಕಲ್ಯಾಣಿಯಂಥ ಕೊಳದ ಮೆಟ್ಟಿಲಲ್ಲಿ ಕೂತು, ನೀರ ಮೇಲೆ ತೇಲುವ ಎಲೆಯನ್ನೂ ನೀರಲ್ಲಿ ಬಿದ್ದ ಮಂಟಪದ ಬಿಂಬವನ್ನೂ ಒಟ್ಟಿಗೆ ಹಿಡಿದರೆ, ಸಾಧಾರಣ ಫೋಟೊದಲ್ಲಿ ಎಲೆ ಮಂಟಪದ ಮೇಲೆ ಅಂಟಿಸಿದ ಹಾಗೆ ಕಾಣುತ್ತದೆ. ಸ್ಟೀರಿಯೋದಲ್ಲಿ ಎಲೆ ನೀರಿನ ಮಟ್ಟದಲ್ಲಿ ನಿಲ್ಲುತ್ತದೆ, ಮಂಟಪ ಆ ಮಟ್ಟದಿಂದ ಕೆಳಗೆ, ದಡದಲ್ಲಿ ಅದು ಎಷ್ಟು ಎತ್ತರವೋ ಅಷ್ಟೇ ಆಳಕ್ಕೆ ಇಳಿದಿರುತ್ತದೆ. ಆಕಾಶ ಇನ್ನೂ ಕೆಳಗೆ. ಬಿಂಬ ನೀರಿನ ಮೇಲೆ ಮೂಡಿರುತ್ತದೆ ಎಂದು ನಾವು ಆಡಿಕೊಳ್ಳುತ್ತೇವೆ. ಕಣ್ಣುಗಳು ಹಾಗೆ ಎಂದೂ ಒಪ್ಪಿರಲಿಲ್ಲ.

ಹೊಳಪಿನದು ಇನ್ನೂ ವಿಚಿತ್ರ. ಬೆಳಗಿದ ಹಿತ್ತಾಳೆಯ ದೀಪದಕಂಬ, ಮೈಸೂರು ರೇಷ್ಮೆಯ ಸೆರಗಿನ ಮಡಿಕೆ, ಒದ್ದೆಯಾದ ಬಾಳೆ ಎಲೆ, ಇವುಗಳ ಮೇಲಿನ ಬೆಳಕಿನ ಮಿಂಚು ಎಡಗಣ್ಣಿಗೆ ಒಂದು ಕಡೆ, ಬಲಗಣ್ಣಿಗೆ ಇನ್ನೊಂದು ಕಡೆ ಬೀಳುತ್ತದೆ. ಕೆಲವೆಡೆ ಒಂದು ಕಣ್ಣಿಗೆ ಬೆಳ್ಳಗೆ, ಇನ್ನೊಂದಕ್ಕೆ ಕಪ್ಪು. ಆಗ ಮೆದುಳು ಎರಡನ್ನೂ ಬೆರೆಸಿ ಬೂದು ಮಾಡಬಹುದಿತ್ತು, ಅಥವಾ ಒಂದನ್ನು ತಳ್ಳಿಹಾಕಬಹುದಿತ್ತು. ಹಾಗೆ ಮಾಡದೆ ಅದು ಹೊಳಪನ್ನು ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ಹೈನ್ರಿಖ್ ಡೋವ ಇದನ್ನು ಗುರುತಿಸಿದ್ದ. ಒಂದು ಕಣ್ಣಿಗೆ ಬಿಳಿ, ಒಂದು ಕಣ್ಣಿಗೆ ಕಪ್ಪು ಕಾಗದ ತೋರಿಸಿದರೆ ಪೆನ್ಸಿಲಿನ ಸೀಸದಂಥ ಹೊಳಪು ಹುಟ್ಟುತ್ತದೆ. ಚಪ್ಪಟೆ ಫೋಟೊದಲ್ಲಿ ಹೊಳಪೆಂದರೆ ಒಂದು ಬಿಳಿಯ ಮಚ್ಚೆ, ಅದನ್ನು ಹೊಳಪು ಎಂದು ನಾವು ಔದಾರ್ಯದಿಂದ ಓದಿಕೊಳ್ಳುತ್ತೇವೆ. ಸ್ಟೀರಿಯೋದಲ್ಲಿ ಹಿತ್ತಾಳೆ ಹಿತ್ತಾಳೆಯಾಗಿಯೇ ಇರುತ್ತದೆ.

ಇದೆಲ್ಲ ಎಲ್ಲರಿಗೂ ಕಾಣುವುದಿಲ್ಲ ಎಂಬುದನ್ನೂ ಹೇಳಬೇಕು. ಮೆಳ್ಳೆಗಣ್ಣು ಅಥವಾ ಒಂದು ಕಣ್ಣಿನ ದೌರ್ಬಲ್ಯದೊಂದಿಗೆ ಬೆಳೆದವರಲ್ಲಿ ಹಲವರಿಗೆ ಎರಡು ಚಿತ್ರ ಒಂದಾಗುವುದೇ ಇಲ್ಲ. ಚಿತ್ರ ಕೈಗಿತ್ತಾಗ ಯಾರಾದರೂ ಏನೂ ಆಗುತ್ತಿಲ್ಲ ಎಂದರೆ, ಸರಿಯಾಗಿ ನೋಡಿ ಎಂದು ಒತ್ತಾಯಿಸಬಾರದು. ಅಮೆರಿಕದ ನರವಿಜ್ಞಾನಿ ಸೂಸನ್ ಬ್ಯಾರಿ ಅಂಥವರಲ್ಲಿ ಒಬ್ಬರಾಗಿದ್ದರು. ಹಸುಗೂಸಾಗಿದ್ದಾಗಿನಿಂದ ಮೆಳ್ಳೆಗಣ್ಣು, ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆ, ಕಣ್ಣು ನೇರವಾದರೂ ನೋಟ ಒಂದಾಗಲಿಲ್ಲ. ಈ ಸಾಮರ್ಥ್ಯ ಎಳವೆಯಲ್ಲಿ ಬಾರದಿದ್ದರೆ ಮತ್ತೆಂದೂ ಬಾರದು ಎಂಬ ಪಾಠವನ್ನು ಆಕೆಯೇ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ನಲವತ್ತೆಂಟರ ವಯಸ್ಸಿನಲ್ಲಿ, ಕಣ್ಣಿನ ವ್ಯಾಯಾಮ ಮುಗಿಸಿ ಕಾರಿನಲ್ಲಿ ಕೂತಾಗ, ಸ್ಟೀರಿಂಗ್ ಚಕ್ರ ಡ್ಯಾಶ್‌ಬೋರ್ಡಿನಿಂದ ಬೇರೆಯಾಗಿ ಗಾಳಿಯಲ್ಲಿ ನಿಂತಿತು. ಮುಂದೊಂದು ದಿನ ಹಿಮ ಬೀಳುವುದನ್ನು ಕಂಡರು. ಅದುವರೆಗೆ ಹಿಮವೆಂದರೆ ಅವರ ಮುಂದಿನ ಒಂದು ಪರದೆ. ಅಂದು ತಾವು ಆ ಹಿಮದ ಒಳಗೇ ಇದ್ದೇವೆ ಎಂದು ಅನಿಸಿತು. ಇದನ್ನು 2006ರಲ್ಲಿ ಲೋಕಕ್ಕೆ ಹೇಳಿದವರು ಆಲಿ‌ವರ್ ಸ್ಯಾಕ್ಸ್. ಆತ ಬಾಲ್ಯದಿಂದಲೂ ಸ್ಟೀರಿಯೋದ ಹುಚ್ಚು ಹತ್ತಿಸಿಕೊಂಡಿದ್ದ ವೈದ್ಯ, ಮುಂದೆ ತನ್ನದೇ ಒಂದು ಕಣ್ಣಿನ ನೋಟ ಕಳೆದುಕೊಂಡು ಲೋಕ ಚಪ್ಪಟೆಯಾದುದನ್ನೂ ಬರೆದವನು. ಆಕೆ ಹುಟ್ಟಿನಿಂದ ಇಲ್ಲದ್ದನ್ನು ಪಡೆದರು, ಆತ ಹುಟ್ಟಿನಿಂದ ಇದ್ದದ್ದನ್ನು ಕಳೆದುಕೊಂಡ. ನಮ್ಮಂಥ ಉಳಿದವರು ಅದು ಇದೆಯೆಂಬುದನ್ನೇ ಮರೆತು ತಿರುಗುತ್ತೇವೆ. ಕನ್ನಡಿಯ ಡಬ್ಬಿ ಆ ಮರೆವನ್ನು ಒಂದಿಷ್ಟು ಹೊತ್ತು ಕೆಡಿಸುತ್ತದೆ.

ಕಲ್ಲಿನ ಕೆತ್ತನೆಗೂ ಸ್ಟೀರಿಯೋಗೂ ನಂಟು ಹಳೆಯದು. ಮದ್ರಾಸ್ ಸೇನೆಯ ರಾಬರ್ಟ್ ಗಿಲ್ 1840ರ ದಶಕದಿಂದ ಅಜಂತಾದಲ್ಲಿ ಕೂತು ಗುಹೆಯ ವರ್ಣಚಿತ್ರಗಳನ್ನು ಬಟ್ಟೆಯ ಮೇಲೆ ನಕಲು ಮಾಡುತ್ತಿದ್ದ. ಆ ಪ್ರತಿಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿಗೆ ಬಿದ್ದ ಬೆಂಕಿಯಲ್ಲಿ ಹೋದವು. ಅದಕ್ಕೆ ಎರಡು ವರ್ಷ ಮೊದಲು, ಆತ ತೆಗೆದ ನೂರು ಸ್ಟೀರಿಯೋ ಚಿತ್ರಗಳು ಜೇಮ್ಸ್ ಫರ್ಗುಸನ್ ಬರಹದೊಂದಿಗೆ ಪುಸ್ತಕವಾಗಿದ್ದವು. ಗುಹೆಗೆ ಇದಕ್ಕಿಂತ ಒಪ್ಪುವ ಮಾಧ್ಯಮ ಆಗ ಇನ್ನೊಂದಿರಲಿಲ್ಲ. ಕಂಬದ ಹಿಂದೆ ಕಂಬ, ಅದರ ಹಿಂದೆ ಕತ್ತಲೆ. ಆ ಕತ್ತಲೆಗೂ ಒಂದು ದೂರ ಇರಬೇಕಾದ ಜಾಗ ಅದು.

ನಮ್ಮ ಹಳೇಬೀಡಿನ ದೇವಸ್ಥಾನದ ಗೋಡೆ ಬೀಮ್ ಸ್ಪ್ಲಿಟರಿಗೆಂದೇ ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಒಂದೊಂದು ವಿಗ್ರಹವೂ ನೀಳ, ಸಿಗುವ ಚಿತ್ರವೂ ನೀಳ. ನೆಲದಿಂದ ಬಹಳ ಎತ್ತರವಿಲ್ಲ, ಎರಡು ಮೂರು ಮೀಟರಿನಲ್ಲಿ ನಿಂತರೆ ಸಾಕು. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು, ಒಂದೇ ಕ್ಲಿಕ್ಕಿನ ಈ ಸಾಧನಕ್ಕೆ ಅದರ ಹಂಗಿಲ್ಲ. ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲನ್ನು ಹಿಂಬದಿಯಿಂದಲೂ ಕೊರೆದು ಹಾರಗಳನ್ನೂ ತೋಳುಗಳನ್ನೂ ಗೋಡೆಯಿಂದ ಬಿಡಿಸಿದರು. ಫೋಟೊದಲ್ಲಿ ಆ ಕೊರೆತವೆಲ್ಲ ಕಪ್ಪು ಗೆರೆಯಾಗಿ, ಇಡೀ ಗೋಡೆ ಒಂದು ಲೇಸಿನ ಬಟ್ಟೆಯಾಗಿಬಿಡುತ್ತದೆ. ಜೋಡಿಚಿತ್ರದಲ್ಲಿ ತೋಳಿನ ಹಿಂದೆ ಬೆರಳು ತೂರಿಸಬಹುದು ಎನಿಸುತ್ತದೆ.

ಇಲ್ಲಿಯೇ ನನ್ನ ಭಿನ್ನಮತದ ಸಿದ್ಧಾಂತಕ್ಕೂ ಒಂದು ಪೆಟ್ಟು ಬೀಳುತ್ತದೆ. ವೀಟ್‌ಸ್ಟನ್ 1852ರಲ್ಲಿ ಇನ್ನೊಂದು ಆಟಿಕೆ ಮಾಡಿದ್ದ, ಎಡಗಣ್ಣಿನದ್ದನ್ನು ಬಲಗಣ್ಣಿಗೂ ಬಲಗಣ್ಣಿನದ್ದನ್ನು ಎಡಗಣ್ಣಿಗೂ ಕೊಡುವಂಥದ್ದು. ಆಗ ಮುಂದಿನದು ಹಿಂದೆ, ಹಿಂದಿನದು ಮುಂದೆ. ಆಲದ ಬಿಳಲುಗಳ ಚಿತ್ರಕ್ಕೆ ಹೀಗೆ ಮಾಡಿದರೆ ಹಿಂದಿನ ಪೊದೆ ಮುಂದೆ ಬರುತ್ತದೆ, ಅದರಲ್ಲಿ ಬಿಳಲಿನ ಆಕಾರದ ಸೀಳುಗಳು, ಸೀಳುಗಳ ಆಚೆ ದೂರದಲ್ಲಿ ಬಿಳಲುಗಳು. ಮೆದುಳು ಚಕಾರವೆತ್ತದೆ ಒಪ್ಪಿಕೊಳ್ಳುತ್ತದೆ. ಗೋಡೆಯ ಬಳ್ಳಿ ಕೆತ್ತನೆಯೂ ಎಷ್ಟೋ ಸಲ ಒಳಕ್ಕೆ ಮಡಚಿಕೊಂಡು ಅಚ್ಚಿನ ಮಣೆಯಾಗುತ್ತದೆ. ಆದರೆ ವಿಗ್ರಹದ ಮುಖ? ಮೂಗು ಒಳಕ್ಕೆ ಹೋಗಬೇಕು, ಕೆನ್ನೆ ಬಟ್ಟಲಾಗಬೇಕು. ಎರಡು ಸಾಕ್ಷಿಗಳೂ ಹಾಗೆಂದೇ ಹೇಳುತ್ತಿರುತ್ತವೆ. ಮುಖ ಮಾತ್ರ ಒಪ್ಪುವುದಿಲ್ಲ, ಉಬ್ಬಿಯೇ ನಿಲ್ಲುತ್ತದೆ. ಹುಟ್ಟಿದಾಗಿನಿಂದ ಕಂಡ ಲೆಕ್ಕವಿಲ್ಲದಷ್ಟು ಮುಖಗಳಲ್ಲಿ ಒಂದೂ ಗುಂಡಿಬಿದ್ದಿರಲಿಲ್ಲ ಎಂಬ ಕಾರಣಕ್ಕೆ ಮೆದುಳು ಕಣ್ಣೆದುರಿನ ಪುರಾವೆಯನ್ನೇ ತಳ್ಳಿಹಾಕುತ್ತದೆ. ಕೆಲವರಿಗೆ ಬಹಳ ಹೊತ್ತು ದಿಟ್ಟಿಸಿದ ಮೇಲೆ ಮುಖವೂ ಥಟ್ಟನೆ ಒಳಗೆ ಬೀಳುತ್ತದೆ, ಹಲವರಿಗೆ ಎಷ್ಟು ಹೊತ್ತಾದರೂ ಇಲ್ಲ. ಪರೀಕ್ಷಿಸಲು ಹೊಸ ಚಿತ್ರ ತೆಗೆಯಬೇಕಿಲ್ಲ. ಅದೇ ಜೋಡಿಚಿತ್ರವನ್ನು ಕಣ್ಣು ಸಡಿಲ ಬಿಡುವ ಬದಲು, ಮೂಗಿನ ತುದಿ ನೋಡುವವರ ಹಾಗೆ ಕಣ್ಣುಗಳನ್ನು ಒಳಕ್ಕೆ ಕೂಡಿಸಿ ನೋಡಿದರೆ ಎಡಬಲ ತಾನಾಗಿ ಅದಲುಬದಲಾಗುತ್ತವೆ. ಮೊದಲು ಬಳ್ಳಿಯನ್ನು ನೋಡಿ, ಆಮೇಲೆ ಮುಖಕ್ಕೆ ಬನ್ನಿ.